ಸೀಟಿ ಚೆನ್ನಾಗಿ ಕೇಳಿಸ್ತು

ಸೀಟಿಗಳ ಡಬ್ಬಿಯನ್ನು ಸಭೆಯೊಳಕ್ಕೆ ಹೊತ್ತು ತಂದವಳು ಅವಳೇ. ಒಬ್ಬೊಬ್ಬ ಸದಸ್ಯರ ಮುಂದೆಯೂ ಒಂದೊಂದು ಕೆಂಪು ಸೀಟಿ ಇಟ್ಟವಳೂ ಅವಳೇ. ನೀರಿನ ಲೋಟದ ಬಲಗಡೆ, ಪೆನ್ನಿನ ಪಕ್ಕ. ಆಮೇಲೆ ಅದನ್ನು ನೆನೆಸಿಕೊಂಡಾಗಲೆಲ್ಲ ಅವಳಿಗೆ ತನ್ನ ಕೈಯನ್ನೇ ಮುರಿದುಕೊಳ್ಳಬೇಕು ಅನ್ನಿಸುತ್ತಿತ್ತು.

ನಗರಸಭೆಯಲ್ಲಿ ಅವಳನ್ನು ನೀರಮ್ಮ ಅನ್ನುತ್ತಿದ್ದರು. ನೀರು ಕೊಡುವವಳು, ಅದಕ್ಕೆ ನೀರಮ್ಮ. ಹದಿನಾರು ವರ್ಷದಿಂದ ಗುತ್ತಿಗೆ ಕೆಲಸ. ಬೆಳಿಗ್ಗೆ ಸಭಾಂಗಣ ಗುಡಿಸಬೇಕು. ಮೂವತ್ತೊಂದು ಕುರ್ಚಿ ಒರೆಸಬೇಕು. ಮೂವತ್ತೊಂದು ಲೋಟ ತೊಳೆದು ಬೋರಲು ಹಾಕಬೇಕು. ಸಭೆ ಶುರುವಾದ ಮೇಲೆ ಜಗ್ಗು ಹಿಡಿದುಕೊಂಡು ನಿಂತಿರಬೇಕು, ಗೋಡೆಗೆ ಒರಗುವ ಹಾಗಿಲ್ಲ. ಒರಗಿದರೆ ಬಣ್ಣ ಕೊಳೆಯಾಗುತ್ತದೆ ಅಂತ ಮ್ಯಾನೇಜರ್ ಮೊದಲ ದಿನವೇ ಹೇಳಿದ್ದರು. ಯಾರಾದರೂ ಕೈ ಎತ್ತಿದರೆ ಹೋಗಿ ನೀರು ಬಗ್ಗಿಸಬೇಕು. ಮೊದಮೊದಲು ಮಾತಾಡಲು ಕೈ ಎತ್ತಿದವರಿಗೂ ಹೋಗಿ ನೀರು ಬಗ್ಗಿಸಿ ಬೈಸಿಕೊಂಡಿದ್ದಳು.

ಅಲ್ಲಿ ಅವಳನ್ನು ಮನುಷ್ಯಳೆಂದು ಮಾತಾಡಿಸುತ್ತಿದ್ದವನು ಗೇಟಿನ ಕಾವಲುಗಾರ ಒಬ್ಬನೇ. "ಬಾ ನೀರಮ್ಮ, ನೀನು ಬಂದ್ಮೇಲೇ ನಗರಸಭೆಗೆ ಬೆಳಗಾಗೋದು" ಅಂತ ದಿನಾ ಅದೇ ಮಾತು ಹೇಳಿ ದಿನಾ ತಾನೇ ನಗುತ್ತಿದ್ದ.

ಗೋಡೆಗೂ ಕಿವಿ ಇರುತ್ತದೆ ಅನ್ನುತ್ತಾರೆ. ಆ ಸಭಾಂಗಣದಲ್ಲಿ ಗೋಡೆಗಿದ್ದರೂ ಇದ್ದೀತು, ನೀರಮ್ಮನಿಗೆ ಇರಲಿಲ್ಲ. ಹದಿನಾರು ವರ್ಷ ದೊಡ್ಡವರ ಮಾತಿನ ನಡುವೆ ನಿಂತು ನಿಂತು ಅವಳು ಕೇಳಿಸಿಕೊಳ್ಳದಿರುವುದನ್ನು ಕಲಿತಿದ್ದಳು. ಆದರೆ ಅವತ್ತು ನಾಲ್ಕನೇ ವಿಷಯ ಬಂದಾಗ ಅವಳ ಮೈಯೆಲ್ಲ ಕಿವಿಯಾಯಿತು.

"ಏಳನೇ ಅಡ್ಡರಸ್ತೆಯ ನಿವಾಸಿಗಳ ದೂರು" ಅಂತ ಮ್ಯಾನೇಜರ್ ಓದಿದರು. "ಕಸದವನ ಸೀಟಿ ಮನೆಯೊಳಗೆ ಕೇಳಿಸುವುದಿಲ್ಲ. ಅವನು ಬಂದದ್ದೂ ಗೊತ್ತಾಗುವುದಿಲ್ಲ, ಹೋದದ್ದೂ ಗೊತ್ತಾಗುವುದಿಲ್ಲ. ಮುಂದೆಯೂ ಹೀಗೇ ಆದರೆ ಅವನನ್ನು ಬದಲಿಸಬೇಕು."

ಏಳನೇ ಅಡ್ಡರಸ್ತೆಯ ಕಸದವನು ಅವಳ ತಮ್ಮ.

ಹನ್ನೆರಡು ವರ್ಷದಿಂದ ಅವನದು ಅದೇ ರಸ್ತೆ. ಬೆಳಕು ಹರಿಯುವ ಹೊತ್ತಿಗೆ ಗಾಡಿ ತಳ್ಳಿಕೊಂಡು ಹೋಗಿ ರಸ್ತೆಯ ಬಾಯಲ್ಲಿ ನಿಂತು ಒಂದು ಸಲ ಉದ್ದಕ್ಕೆ ಊದುತ್ತಿದ್ದ. ನಾನು ಬಂದೆ, ಬುಟ್ಟಿ ತನ್ನಿ ಅಂತ. ಆಮೇಲೆ ಗೇಟಿಗೊಂದರಂತೆ ಎರಡು ಚಿಕ್ಕ ಊದು. ಸೀಟಿಯೊಳಗಿನ ಗುಂಡು ಸವೆದು ಸವೆದು ಉದುರಿಹೋಗಿತ್ತು. ಈಗ ಊದಿದರೆ ಬರುತ್ತಿದ್ದುದು ಬರೀ ಗಾಳಿ. ಬೇರೆ ಕೊಡಿ ಅಂತ ಅವನು ಮೇಸ್ತ್ರಿಯನ್ನು ಕೇಳಿ ಕೇಳಿ ಸಾಕಾಗಿದ್ದ. "ನಿಂಗೆ ಬಾಯಿಲ್ವೇನೋ, ಕೂಗು" ಅಂದಿದ್ದ ಮೇಸ್ತ್ರಿ. ಕೂಗಿದರೆ ನಿದ್ದೆ ಕೆಡುತ್ತದೆ ಅಂತ ಅದಕ್ಕೊಂದು ದೂರು ಬಂದಿತ್ತು.

ಒಂಬತ್ತನೇ ವಿಷಯ ಸಾರ್ವಜನಿಕ ಸುರಕ್ಷತೆ. ಅದನ್ನು ತಂದವರು ಔಷಧಿ ಅಂಗಡಿಯ ಯಜಮಾನರು. ಏಳನೇ ಅಡ್ಡರಸ್ತೆ ಸೇರಿದ ವಾರ್ಡಿನ ಸದಸ್ಯರು. ಮಗುವಿಗೆ ಜ್ವರ ಬಂದರೆ ಅರ್ಧ ಊರು ಅವರ ಅಂಗಡಿಯ ಮುಂದೆ ನಿಲ್ಲುತ್ತಿತ್ತು. ಕೆಟ್ಟವರು ಅಂತ ಯಾರೂ ಅಂದಿರಲಿಲ್ಲ. ಅವರು ಎದ್ದು ನಿಂತು ಹೇಳಿದರು: "ಎರಡು ಸೈಕಲ್ ಹೋಗಿವೆ. ಒಂದು ನೀರಿನ ಮೋಟಾರು ಹೋಗಿದೆ. ಬೆಳಗಿನ ಜಾವ ನಮ್ಮ ಬೀದೀಲಿ ಯಾರ್ಯಾರೋ ಓಡಾಡ್ತಾರೆ. ಹೆಸರು ಗೊತ್ತಿಲ್ಲ, ಮುಖ ಗೊತ್ತಿಲ್ಲ, ಹೆಗಲ ಮೇಲೆ ಚೀಲ ಇರುತ್ತೆ. ಹೆಂಗಸರು ಮಕ್ಕಳು ಇರೋ ಮನೆ ಸ್ವಾಮೀ. ನಾವು ಎಷ್ಟು ದಿನ ಹೆದರ್ಕೊಂಡು ಬದುಕೋದು?"

ಮೇಜು ಕುಟ್ಟಿದರು. ಠರಾವು ಆಯಿತು. ಮನೆಗೊಂದು ಸೀಟಿ. ಅಪಾಯ ಕಂಡರೆ ಉದ್ದಕ್ಕೆ ಒಂದು ಊದು. ಕೇಳಿದವರೆಲ್ಲ ಕೈಗೆ ಸಿಕ್ಕಿದ್ದನ್ನು ಹಿಡಿದು ಕೂಡಲೇ ಹೊರಗೆ ಬರಬೇಕು. ತಮ್ಮ ವಾರ್ಡಿನ ಮನೆಮನೆಗೂ ಅವತ್ತು ಸಂಜೆಯೇ ತಿಳಿಸುವುದಾಗಿ ಔಷಧಿ ಅಂಗಡಿಯವರು ಹೇಳಿದರು.

ನಾಲ್ಕನೇ ವಿಷಯದಲ್ಲೂ ಸೀಟಿ ಇತ್ತು, ಒಂಬತ್ತನೇ ವಿಷಯದಲ್ಲೂ ಸೀಟಿ ಇತ್ತು. ಎರಡನ್ನೂ ಓದಿದವರು ಒಬ್ಬರೇ. ಎರಡನ್ನೂ ಕೇಳಿದವರು ಮೂವತ್ತೊಂದು ಜನ. ಕಸದವರಿಗೆ ಇದನ್ನು ತಿಳಿಸಬೇಕಲ್ಲ ಅಂತ ಒಬ್ಬರಿಗೂ ಹೊಳೆಯಲಿಲ್ಲ. ಸೂಟು ಹೊಲಿಸಿಕೊಳ್ಳುವಾಗ ಗುಂಡಿ ಎಷ್ಟಿರಬೇಕು ಅಂತ ಯೋಚಿಸುವ ತಲೆಗಳು ಅವು. ಅವರನ್ನು ಬಿಡಿ. ನೀರಮ್ಮನಿಗೂ ಹೊಳೆಯಲಿಲ್ಲ. ಅವಳ ತಲೆಯಲ್ಲಿ ನಾಲ್ಕನೇ ವಿಷಯವೊಂದೇ ಕೊರೆಯುತ್ತಿತ್ತು: ತಮ್ಮನನ್ನು ಬದಲಿಸುತ್ತಾರಂತೆ, ತಮ್ಮನಿಗೊಂದು ಸೀಟಿ ಬೇಕು.

ಸಭೆ ಮುಗಿಯಿತು. ಡಬ್ಬಿಯ ತಳದಲ್ಲಿ ಕೆಲವು ಸೀಟಿ ಉಳಿದಿದ್ದವು. ಅವಳು ಮ್ಯಾನೇಜರ ಮೇಜಿನ ಮುಂದೆ ನಿಂತಳು.

"ಸಾರ್, ಇದ್ರಲ್ಲಿ ಒಂದು ತಗೊಳ್ಳಾ?"

ಮ್ಯಾನೇಜರ್ ಅವತ್ತು ಖುಷಿಯಲ್ಲಿದ್ದರು. "ಯಾಕೆ ನೀರಮ್ಮ, ನಿಮ್ಮನೇಗೂ ಕಳ್ರು ಬರ್ತಾರಾ? ಬಂದ್ರೆ ಪಾಪ, ಅವರೇ ಏನಾದ್ರೂ ಇಟ್ಟು ಹೋಗ್ಬೇಕು!" ಪಕ್ಕದ ಗುಮಾಸ್ತರೂ ನಕ್ಕರು. ಅವಳೂ ನಕ್ಕಳು. ನಗದಿದ್ದರೆ ಸೀಟಿ ಸಿಗುತ್ತಿರಲಿಲ್ಲ. "ತಗೋ ತಗೋ, ತಗೊಂಡ್ಹೋಗು" ಅಂದರು.

ಅವರೇ ಆಮೇಲೆ ಒಂದು ಪ್ರಕಟಣೆ ಕೊಟ್ಟು ಫಲಕಕ್ಕೆ ಅಂಟಿಸಲು ಹೇಳಿದರು. ಸೀಟಿಯ ನಿಯಮವೆಲ್ಲ ಅದರಲ್ಲಿ ಅಚ್ಚಾಗಿತ್ತು. ನೀರಮ್ಮ ನಿಧಾನಕ್ಕಾದರೂ ಓದಬಲ್ಲಳು. ಆದರೆ ಅಂಟಿಸುವವರು ಓದುತ್ತಾರೆಯೇ? ನಾಲ್ಕು ಮೂಲೆಗೂ ಗೋಂದು ಹಚ್ಚಿ, ಸುಕ್ಕು ಬೀಳದಂತೆ ಅಂಗೈಯಲ್ಲಿ ಒತ್ತಿ, ಸೊಟ್ಟಗಿಲ್ಲ ತಾನೇ ಅಂತ ಎರಡು ಹೆಜ್ಜೆ ಹಿಂದೆ ಸರಿದು ನೋಡಿದಳು. ಸೊಟ್ಟಗಿರಲಿಲ್ಲ.

ಸಂಜೆ ಸೀಟಿಯನ್ನು ಕಂಡು ತಮ್ಮ ಕುಣಿದಾಡಿಬಿಟ್ಟ. ನಲವತ್ತರ ಗಂಡಸು. ಕೊಳಾಯಿಯ ಹತ್ತಿರ ನಿಂತು ಊದಿದ. ನಾಯಿಗಳು ಎದ್ದವು. ಪಕ್ಕದ ಮನೆಯ ಮುದುಕಿ ಶಾಪ ಹಾಕಿದಳು. "ಅಕ್ಕ ಕೊಟ್ಟಿದ್ದು, ನಗರಸಭೇದು" ಅಂತ ಓಣಿಯ ಎಲ್ಲರಿಗೂ ತೋರಿಸಿಕೊಂಡು ಬಂದ. ಅವನ ಹೆಂಡತಿ, "ಅತ್ತಿಗೆ, ಇವರಿಗೆ ಇದೊಂದು ಕಡಿಮೆಯಾಗಿತ್ತು" ಅಂತ ಬೈಯುತ್ತಲೇ ಒಂದು ದಾರ ಹುಡುಕಿ, ಸೀಟಿಗೆ ಕಟ್ಟಿ, ಗಂಡನ ಕೊರಳಿಗೆ ಹಾಕಿದಳು. ಹಳೇ ಸೀಟಿಯನ್ನು ಅವನು ಎಸೆಯಲಿಲ್ಲ. ಹನ್ನೆರಡು ವರ್ಷ ಬಾಯಲ್ಲಿಟ್ಟುಕೊಂಡದ್ದು ಅಂತ ಗೂಡಿನಲ್ಲಿಟ್ಟ.

ಮರುದಿನ ಬೆಳಿಗ್ಗೆ ಮಂಜಿತ್ತು. ಪೈಪು ಹಾಕಲು ನಗರಸಭೆಯವರು ಏಳನೇ ಅಡ್ಡರಸ್ತೆಯ ಬಾಯನ್ನೇ ಅಗೆದು ಬಿಟ್ಟಿದ್ದರು. ಗಾಡಿ ಒಳಗೆ ಹೋಗಲಿಲ್ಲ. ಅವನು ಗಾಡಿಯನ್ನು ಆಚೆಯೇ ನಿಲ್ಲಿಸಿ, ಚೀಲ ಹೆಗಲಿಗೆ ಹಾಕಿಕೊಂಡು, ಗುಂಡಿ ದಾಟಿ ಒಳಗೆ ಬಂದ. ನಿಂತ. ಉಸಿರೆಳೆದುಕೊಂಡು ಉದ್ದಕ್ಕೆ ಊದಿದ.

ಬಾಗಿಲುಗಳು ತೆರೆದವು. ಒಂದಲ್ಲ ಎರಡಲ್ಲ, ಸಾಲಿಗೆ ಸಾಲೇ. ಹನ್ನೆರಡು ವರ್ಷದಲ್ಲಿ ಅಷ್ಟು ಜನ ಒಟ್ಟಿಗೆ ಯಾವತ್ತೂ ಹೊರಗೆ ಬಂದಿರಲಿಲ್ಲ. ಅವನಿಗೆ ಖುಷಿಯಾಯಿತು. ಎಲ್ಲರಿಗೂ ಕೇಳಿಸಲಿ ಅಂತ ಇನ್ನೊಂದು ಸಲ ಊದಿದ. ಅವರ ಕೈಯಲ್ಲಿದ್ದದ್ದು ಬುಟ್ಟಿಯಲ್ಲ ಅಂತ ಗೊತ್ತಾಗುವಷ್ಟು ಹತ್ತಿರ ಬರುವ ತನಕ ಅವನು ನಗುತ್ತಲೇ ನಿಂತಿದ್ದ.

ಬ್ಯಾಟು. ಕಬ್ಬಿಣದ ಸರಳು. ಕೊಡೆ. ಯಾರೋ ಹೂವಿನ ಕುಂಡವನ್ನೇ ಎತ್ತಿಕೊಂಡು ಬಂದಿದ್ದರು. ನಾನು ಕಸದವನು, ನಾನು ಕಸದವನು ಅಂತ ಅವನು ಕೂಗಿದ. ಹನ್ನೆರಡು ವರ್ಷ ಆ ಮನೆಗಳ ಬುಟ್ಟಿಯನ್ನು ಅವನು ಕೈಯೊಡ್ಡಿ ತೆಗೆದುಕೊಂಡಿದ್ದ. ಮಕ್ಕಳ ಮಲ, ಹೆಂಗಸರ ಬಟ್ಟೆ, ಮುದುಕರ ಕಫ, ಎಲ್ಲವನ್ನೂ ಬರಿಗೈಯಲ್ಲಿ ವಿಂಗಡಿಸಿದ್ದ. ಯಾವ ಮನೆಯಲ್ಲಿ ಯಾರಿಗೆ ಕಾಯಿಲೆ ಅಂತ ಅವರ ಕಸ ನೋಡಿ ಹೇಳಬಲ್ಲವನಾಗಿದ್ದ. ಅವರು ಅವನ ಮುಖ ನೋಡಿರಲಿಲ್ಲ.

ಬಡವನ ಕೋಪ ದವಡೆಗೆ ಮೂಲ ಅನ್ನುತ್ತಾರೆ. ಅವನು ಕೋಪ ಕೂಡ ಮಾಡಿಕೊಂಡಿರಲಿಲ್ಲ. ದವಡೆ ಮಾತ್ರ ಮುರಿದಿತ್ತು. ಪಕ್ಕೆಲುಬುಗಳೂ ಮುರಿದಿದ್ದವು. ಆಸ್ಪತ್ರೆಯಲ್ಲಿ ಅವನ ಮಾತು ಅರ್ಧ ಮಾತು, ಅರ್ಧ ಗಾಳಿ. ಹಳೇ ಸೀಟಿಯ ಹಾಗೆ. ನೀರಮ್ಮ ಬಗ್ಗಿ ಅವನ ಬಾಯಿಗೆ ಕಿವಿಯಿಟ್ಟಳು.

"ಅಕ್ಕಾ," ಅಂದ. "ಸೀಟಿ ಚೆನ್ನಾಗಿ ಕೇಳಿಸ್ತು."

ಸ್ವಲ್ಪ ಹೊತ್ತಿನ ಮೇಲೆ ಮತ್ತೆ, "ಎಲ್ರೂ ಬಂದ್ರು" ಅಂದ.

ನಾಲ್ಕನೇ ದಿನ ಹೋದ.

ಪೊಲೀಸರು ಬರೆದುಕೊಂಡದ್ದು ಇಷ್ಟು: ಹೊಡೆದವರು ಗುಂಪು, ಇಂಥವರೇ ಅಂತ ಹೇಳಲಾಗದು. ಸತ್ತವನ ಕೊರಳಲ್ಲಿ ನಗರಸಭೆಯ ಸೀಟಿ ಇತ್ತು. ಅದು ಕಸದವರಿಗೆ ಕೊಟ್ಟ ಸೀಟಿಯಲ್ಲ. ಆದ್ದರಿಂದ ಕದ್ದದ್ದು.

ಕೊಲೆಗಾರರು ಯಾರೂ ಇರಲಿಲ್ಲ. ಕಳ್ಳನೊಬ್ಬ ಇದ್ದ.

ತಮ್ಮನ ಹೆಂಡತಿ ಗೋಡೆ ನೋಡುತ್ತಾ ಕೂತಿದ್ದಳು. ಅಳುತ್ತಿರಲಿಲ್ಲ. "ಅತ್ತಿಗೆ, ನಂಗೆ ಯಾರೂ ಏನೂ ಕೊಡೋದು ಬೇಡ," ಅಂದಳು. "ಅವರು ಕಳ್ಳ ಅಲ್ಲ ಅಂತ ಒಂದು ಕಾಗದದಲ್ಲಿ ಬರೆದು ಕೊಡ್ಲಿ. ಅಷ್ಟೇ. ನೀವು ಅಲ್ಲೇ ಇರ್ತೀರಲ್ಲ, ದೊಡ್ಡೋರ ಮಧ್ಯ. ಕೇಳಿ ನೋಡಿ."

ದೊಡ್ಡವರ ಮಧ್ಯೆ! ಆ ಮಾತು ನೀರಮ್ಮನ ಎದೆಗೆ ಇರಿಯಿತು. ಒಂದು ಕಾಲದಲ್ಲಿ ಆ ಮಾತನ್ನು ಅವಳೇ ಜಂಬದಿಂದ ಓಣಿಯಲ್ಲಿ ಹೇಳಿಕೊಂಡು ತಿರುಗಿದ್ದಳು.

ಒಂಬತ್ತನೇ ದಿನ ಮತ್ತೆ ಸಭೆ. ಬೆಳಿಗ್ಗೆ ಮ್ಯಾನೇಜರ್ ಅವಳನ್ನು ಕೋಣೆಗೆ ಕರೆದು ಬಾಗಿಲು ಹಾಕಿದರು. ಹದಿನಾರು ವರ್ಷದಲ್ಲಿ ಮೊದಲ ಸಲ, "ಕೂತ್ಕೋಮ್ಮ" ಅಂದರು. ಅವಳು ಕೂರಲಿಲ್ಲ. ಆ ಕುರ್ಚಿಯನ್ನು ಅವಳು ಒರೆಸಿದ್ದಳು, ಕೂತು ಗೊತ್ತಿರಲಿಲ್ಲ.

"ಈ ಹೇಳಿಕೆಗೆ ನಿನ್ನದೊಂದು ಸಹಿ ಬೇಕು. ಡಬ್ಬಿ ಇಟ್ಟಿದ್ದ ಕೋಣೆಗೆ ಬೀಗ ಇರ್ಲಿಲ್ಲ, ನಿನ್ನ ತಮ್ಮ ಆಗಾಗ ನಿನ್ನನ್ನ ನೋಡೋಕೆ ಆಫೀಸಿಗೆ ಬರ್ತಿದ್ದ. ಇಷ್ಟೇ. ನಿನ್ನ ಮೇಲೆ ಏನೂ ಬರಲ್ಲ."

"ನೀವೇ ಕೊಟ್ರಲ್ಲ ಸಾರ್."

ಅವರು ಕನ್ನಡಕ ತೆಗೆದು ಒರೆಸಿದರು. "ನಾನಾ? ನಂಗೆ ನೆನಪಿಲ್ಲ."

"ನಮ್ಮನೇಗೆ ಕಳ್ರು ಬಂದ್ರೆ ಅವರೇ ಏನಾದ್ರೂ ಇಟ್ಟು ಹೋಗ್ಬೇಕು ಅಂದ್ರಿ. ನಕ್ಕಿರಿ."

"ನೋಡಮ್ಮ," ಅವರ ದನಿ ಇಳಿಯಿತು. "ನಂಗೆ ಇನ್ನೊಂದು ವರ್ಷ ಇದೆ ನಿವೃತ್ತಿಗೆ. ಹೋದವನು ಹೋದ. ನೀನು ಸಹಿ ಮಾಡು, ನಿನ್ನ ಕೆಲಸ ಕಾಯಂ ಮಾಡಿಸೋ ಜವಾಬ್ದಾರಿ ನಂದು. ಇಷ್ಟಕ್ಕೂ ನಿನ್ನ ತಮ್ಮನೇ ಒಪ್ಕೊಂಡಿದ್ದಾನೆ. ಓದ್ನೋಡು."

ಕಾಗದದ ಕೆಳಗೆ ಇನ್ನೊಂದು ಕಾಗದವಿತ್ತು. ಆಸ್ಪತ್ರೆಯಲ್ಲಿ ಪೊಲೀಸರು ತೆಗೆದುಕೊಂಡ ತಮ್ಮನ ಹೇಳಿಕೆ. ನೀರಮ್ಮ ಬೆರಳಿಟ್ಟು ಒಂದೊಂದೇ ಅಕ್ಷರ ಓದಿದಳು.

"ಸೀಟಿ ನಗರಸಭೆಯಲ್ಲಿ ಬಿದ್ದಿತ್ತು. ನಾನೇ ಎತ್ತಿಕೊಂಡೆ. ನನ್ನ ಅಕ್ಕನಿಗೆ ಈ ವಿಷಯ ಗೊತ್ತಿಲ್ಲ."

ಕೆಳಗೆ ಹೆಬ್ಬೆಟ್ಟು.

ಅವಳು ಎರಡನೇ ಸಲ ಓದಿದಳು. ಮೂರನೇ ಸಲ ಅಕ್ಷರ ಕಾಣಲಿಲ್ಲ. ಮುರಿದ ದವಡೆಯಲ್ಲಿ ಇಷ್ಟು ಮಾತಾಡಲು ಅವನಿಗೆ ಎಷ್ಟು ಹೊತ್ತು ಹಿಡಿದಿರಬೇಕು? ಅಕ್ಕನ ಕೆಲಸ ಹೋಗಬಾರದು ಅಂತ, ಸಾಯುವ ಮನುಷ್ಯ, ಉಳಿದಿದ್ದ ಉಸಿರನ್ನೆಲ್ಲ ಸೇರಿಸಿ ತನ್ನನ್ನು ತಾನೇ ಕಳ್ಳ ಅಂತ ಕರೆದುಕೊಂಡಿದ್ದ. ಚಿಕ್ಕಂದಿನಲ್ಲಿ ಅವಳು ಮಡಕೆ ಒಡೆದರೂ ಅವನು ನಾನೇ ಒಡೆದೆ ಅನ್ನುತ್ತಿದ್ದ. ಅಪ್ಪನ ಏಟನ್ನು ತಾನು ತಿಂದು, ನೋಯಲಿಲ್ಲ ಅಕ್ಕಾ ಅನ್ನುತ್ತಿದ್ದ. ದಡ್ಡ. ದಡ್ಡ ಮುಂಡೇದು.

ಅವಳು ಪೆನ್ನು ಮುಟ್ಟಲಿಲ್ಲ. "ಸಭೆಗೆ ಹೊತ್ತಾಯ್ತು ಸಾರ್" ಅಂತ ಜಗ್ಗು ತರಲು ಹೋದಳು.

ಸಭಾಂಗಣ ತುಂಬಿತ್ತು. ಹಿಂದಿನ ಸಾಲುಗಳಲ್ಲಿ ಏಳನೇ ಅಡ್ಡರಸ್ತೆಯ ನಿವಾಸಿಗಳು ಕೂತಿದ್ದರು, ಇಸ್ತ್ರಿ ಬಟ್ಟೆ ಹಾಕಿಕೊಂಡು. ಪೈಪು, ಬೀದಿದೀಪ, ನಾಯಿ, ಎಲ್ಲ ಮುಗಿಯಿತು. ಆರನೇ ವಿಷಯಕ್ಕೆ ಔಷಧಿ ಅಂಗಡಿಯವರು ಎದ್ದರು. ಮುಖ ಸಪ್ಪಗಿತ್ತು. ನಿಜವಾಗಿಯೂ ನಿದ್ದೆ ಮಾಡಿದಂತಿರಲಿಲ್ಲ.

"ಆಗಬಾರದ್ದು ಆಗಿದೆ. ನನಗೂ ನೋವಿದೆ. ಆದ್ರೆ ಯೋಜನೆ ತಪ್ಪು ಅಂತ ಹೇಳಬೇಡಿ. ಸೀಟಿ ಕೇಳಿ ಒಂದೇ ನಿಮಿಷದಲ್ಲಿ ಇಡೀ ರಸ್ತೆ ಹೊರಗೆ ಬಂದಿದೆ. ಆ ಒಗ್ಗಟ್ಟನ್ನ ನಾವು ಕಳ್ಕೋಬಾರದು. ಕದ್ದ ಸೀಟಿಯಿಂದ ಆದ ಅನಾಹುತ ಇದು. ಇನ್ಮೇಲೆ ಸೀಟಿಗೆ ನಂಬರ್ ಹಾಕ್ಸೋಣ."

ಮ್ಯಾನೇಜರ್ ಕರಡು ಠರಾವು ಓದಿದರು. ನಿವಾಸಿಗಳ ಜಾಗೃತಿಗೆ ಮೆಚ್ಚುಗೆ, ಸೀಟಿ ಕಳವಿಗೆ ಖಂಡನೆ, ಘಟನೆಗೆ ವಿಷಾದ. ಮೂರೂ ಒಂದೇ ವಾಕ್ಯದಲ್ಲಿದ್ದವು.

ಒಬ್ಬ ಸದಸ್ಯೆ ಕೇಳಿದರು: "ಸತ್ತವನು ಯಾರು? ಹೆಸರೇನು?"

ನೀರಮ್ಮನ ತಮ್ಮ ಅಂತ ಗೊತ್ತಿದ್ದೂ ಅದನ್ನು ಹೇಳದೆ ಮ್ಯಾನೇಜರ್ ಹೆಸರಿಗಾಗಿ ಕಡತ ತಿರುವಿದರು. ಸಿಗಲಿಲ್ಲ. ಸಭೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅಷ್ಟರಲ್ಲಿ ಅಧ್ಯಕ್ಷರಿಗೆ ಬಾಯಾರಿತು. ಅವರು ಕೈ ಎತ್ತಿದರು.

ನೀರಮ್ಮ ಕದಲಲಿಲ್ಲ.

"ನೀರಮ್ಮ, ನೀರು."

"ಕೊಡಲ್ಲ."

ಅವಳಿಗೇ ತನ್ನ ದನಿ ಗುರುತು ಸಿಗಲಿಲ್ಲ. ಸಭೆ ನಡೆಯುವಾಗ ಅವಳು ಹದಿನಾರು ವರ್ಷದಲ್ಲಿ ಆಡಿದ ಮೊದಲ ಮಾತು ಅದು. ಅವಳು ಜಗ್ಗನ್ನು ನೆಲದ ಮೇಲಿಟ್ಟಳು. ಬೆನ್ನನ್ನು ಗೋಡೆಗೆ ಒರಗಿಸಿದಳು.

"ಅವನು ನನ್ನ ತಮ್ಮ. ಸೀಟಿ ಕದ್ದಿಲ್ಲ. ನಾನು ಕೊಟ್ಟೆ. ನಂಗೆ ಮ್ಯಾನೇಜರ್ ಸಾರು ಕೊಟ್ರು, ನಗ್ತಾ ಕೊಟ್ರು. ಸಾರ್, ಹೇಳಿ. ಒಂದು ಮಾತು ಹೇಳಿ ಸಾರ್, ಆಮೇಲೆ ನನ್ನ ತೆಗೆದುಹಾಕಿ."

ಮ್ಯಾನೇಜರ್ ಕಡತದಿಂದ ತಲೆ ಎತ್ತಲಿಲ್ಲ.

"ಸಾರ್ವಜನಿಕರು ಮಾತಾಡೋ ಹಾಗಿಲ್ಲಮ್ಮ," ಅಂದರು ಅಧ್ಯಕ್ಷರು. "ಅರ್ಜಿ ಕೊಡು."

"ನಾನು ಸಾರ್ವಜನಿಕರಲ್ಲ ಸ್ವಾಮೀ. ನಿಮ್ಮ ಎಂಜಲು ಲೋಟ ತೊಳೆಯೋಳು." ಅವಳು ಸೊಂಟದ ಚೀಲದಿಂದ, ಬೆಳಿಗ್ಗೆ ಗೂಡಿನಿಂದ ತಂದಿದ್ದ ತಮ್ಮನ ಹಳೇ ಸೀಟಿ ತೆಗೆದಳು. ಬಾಯಿಗಿಟ್ಟುಕೊಂಡು ಇದ್ದಬದ್ದ ಉಸಿರನ್ನೆಲ್ಲ ಸೇರಿಸಿ ಊದಿದಳು. ಬರೀ ಗಾಳಿ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕು ಸುಮ್ಮನಾದರು.

"ಕೇಳಿಸಲಿಲ್ಲ ಅಲ್ವಾ? ಇದನ್ನೇ ಊದ್ತಿದ್ದ. ನಿಮಗೆ ಕೇಳಿಸ್ಲಿಲ್ಲ, ದೂರು ಕೊಟ್ರಿ. ಕೇಳಿಸೋ ಸೀಟಿ ತಂದು ನಾನೇ ಅವನ ಕೈಗೆ ಕೊಟ್ಟೆ. ಕೇಳಿಸ್ತು, ಬಂದು ಕೊಂದ್ರಿ. ನಮ್ಮ ಸದ್ದು ನಿಮಗೆ ಕೇಳಿಸ್ದೇ ಇದ್ರೇನೇ ನಾವು ಬದುಕೋದು ಅಂತ ನಂಗೆ ಗೊತ್ತಾಗ್ಲಿಲ್ವಲ್ಲೋ ನನ್ನಪ್ಪಾ..." ಕೊನೆಯ ಮಾತು ಅವರಿಗಲ್ಲ, ತಮ್ಮನಿಗೆ.

ಅವಳು ಹಿಂದಿನ ಸಾಲುಗಳ ಕಡೆ ಎರಡು ಹೆಜ್ಜೆ ಹಾಕಿದಳು. "ನಿಮ್ಮಲ್ಲಿ ಯಾರು ಕುಂಡ ಎತ್ತಿದ್ದು? ಹೊಡೆಯೋಲ್ಲ ನಾನು. ಮುಖ ನೋಡ್ಬೇಕು, ಅಷ್ಟೇ."

ಒಬ್ಬ ಹೆಂಗಸು ಮಗುವನ್ನು ಎಳೆದು ಮಡಿಲಿಗೆ ಹಾಕಿಕೊಂಡಳು. ಕುರ್ಚಿಗಳು ಸರಿದವು. ಯಾರೋ "ಅವಳ ಕೈಯಲ್ಲಿ ಏನಿದೆ?" ಅಂದರು. ಆಗ ಔಷಧಿ ಅಂಗಡಿಯವರು ಮೇಜಿನ ಮೇಲಿದ್ದ ತಮ್ಮ ಕೆಂಪು ಸೀಟಿಯನ್ನೆತ್ತಿ ಉದ್ದಕ್ಕೆ ಊದಿದರು.

ಕಿವಿ ಗುಯ್ಯೆಂದಿತು. ಎಲ್ಲರೂ ಒಟ್ಟಿಗೆ ಎದ್ದರು. ಮೊಗಸಾಲೆಯಿಂದ ಬಾಗಿಲು ತಳ್ಳಿಕೊಂಡು ಜನ ನುಗ್ಗಿದರು. ಮುಖಗಳೆಲ್ಲ ಅವಳ ಕಡೆಗೇ ಬರುತ್ತಿದ್ದವು. ತಮ್ಮ ನೋಡಿದ್ದು ಇದನ್ನೇ, ಅಂದುಕೊಂಡಳು. ಅವನು ನಗುತ್ತಾ ನಿಂತಿದ್ದ. ಅವಳು ಓಡಲಿಲ್ಲ. ಹಳೇ ಸೀಟಿಯನ್ನು ಮುಷ್ಟಿಯಲ್ಲಿ ಬಿಗಿಹಿಡಿದು ಕಣ್ಣು ಮುಚ್ಚಿದಳು.

ಆ ದಿನದ ನಡಾವಳಿ ಪುಸ್ತಕದಲ್ಲಿ ಅವಳ ಮಾತು ಒಂದೂ ಇಲ್ಲ. "ಕುಡಿಯುವ ನೀರಿನ ವ್ಯವಸ್ಥೆ ಇಲ್ಲದ ಕಾರಣ ಸಭೆಯನ್ನು ಮುಂದೂಡಲಾಯಿತು" ಅಂತ ಮ್ಯಾನೇಜರ ಅಕ್ಷರದಲ್ಲಿದೆ. ತಮ್ಮನ ಹೆಂಡತಿ ಕೇಳಿದ ಕಾಗದವನ್ನು ಯಾರೂ ಬರೆದು ಕೊಡಲಿಲ್ಲ. ಅವಳು ಸಹಿ ಮಾಡದ ಹೇಳಿಕೆ ಕಡತದಲ್ಲಿ ಹಾಗೇ ಉಳಿಯಿತು. ಅದೆಲ್ಲ ಆಮೇಲಿನ ಮಾತು.

ಆ ಹೊತ್ತಿನಲ್ಲಿ ಆದದ್ದು ಇಷ್ಟು. ಗುಂಪನ್ನು ಸೀಳಿಕೊಂಡು ಮೊದಲು ಬಂದವನು ಗೇಟಿನ ಕಾವಲುಗಾರ. ಸೀಟಿ ಕೇಳಿ ಲಾಠಿ ಎತ್ತಿಕೊಂಡೇ ಓಡಿ ಬಂದಿದ್ದ. ಅವಳ ಮುಂದೆ ಬಂದವನು ಗಕ್ಕನೆ ನಿಂತ. ಲಾಠಿ ಇಳಿಯಿತು.

"ನೀರಮ್ಮಾ," ಅಂದ. "ನೀನಾ?"

ಅವಳು ಕಣ್ಣು ತೆರೆದಳು. ಒಂಬತ್ತು ದಿನದಿಂದ ಬಾರದ ಅಳು ಆಗ ಬಂತು. ನಿಂತಲ್ಲೇ ಕುಸಿದು, ಅವನ ಕಾಲಿನ ಹತ್ತಿರ ನೆಲಕ್ಕೆ ಕೈಯೂರಿ ಅತ್ತಳು. ಅವಳೇ ಬೆಳಿಗ್ಗೆ ಒರೆಸಿದ್ದ ನೆಲ. ಕಾವಲುಗಾರ ಏನಾಯ್ತು, ಯಾರೇನಂದ್ರು ಅಂತ ಮತ್ತೆ ಮತ್ತೆ ಕೇಳುತ್ತಿದ್ದ.

"ಇಷ್ಟೇ," ಅಂದಳು ನೀರಮ್ಮ. "ಇಷ್ಟೇ ಕೇಳ್ಬೇಕಿತ್ತು ಕಣಣ್ಣಾ. ಅಷ್ಟು ಜನ ಬಂದ್ರಲ್ಲ, ಒಬ್ರಾದ್ರೂ 'ನೀನಾ' ಅಂತ ಕೇಳ್ಬೇಕಿತ್ತು."